ದಾರಿ ಕೊಡುವವರ ಬಲ: ಭಾರತ–ನೇಪಾಳ ವ್ಯಾಪಾರದೊಳಗಿನ ವಿದೇಶಾಂಗ ನೀತಿ

2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲೆ ಎರಡು ಕಂತುಗಳಲ್ಲಿ ಒಟ್ಟು ಶೇ 50ರಷ್ಟು ಹೆಚ್ಚುವರಿ ಸುಂಕ ಹೇರಿತು. ಎರಡನೆಯ ಕಂತಿನ ಶೇ 25ಕ್ಕೆ ಅದು ಕೊಟ್ಟ ಕಾರಣ, ಭಾರತವು ರಷ್ಯಾದಿಂದ ಕಚ್ಚಾ ತೈಲ ಕೊಳ್ಳುತ್ತಿದೆ ಎಂಬುದು. ಆಂಧ್ರದ ಸೀಗಡಿ ಕೃಷಿಕರಿಗಾಗಲಿ ತಿರುಪ್ಪೂರಿನ ಹೊಲಿಗೆ ಕಾರ್ಮಿಕರಿಗಾಗಲಿ ಉಕ್ರೇನ್ ಯುದ್ಧದೊಂದಿಗೆ ಯಾವ ಸಂಬಂಧವೂ ಇರಲಿಲ್ಲ; ಆದರೂ ದೆಹಲಿಯ ತೈಲ ನೀತಿಯನ್ನು ಬದಲಾಯಿಸಲು ವಾಷಿಂಗ್ಟನ್ ಅವರ ದುಡಿಮೆಯ ಫಲವನ್ನೇ ಒತ್ತೆ ಇಟ್ಟುಕೊಂಡಿತು. ಎರಡು ದೇಶಗಳ ನಡುವಿನ ವ್ಯಾಪಾರವನ್ನು ವಿದೇಶಾಂಗ ನೀತಿಯ ಸಾಧನವಾಗಿ ಬಳಸುವುದು ಎಂದರೆ ಇದೇ: ಇನ್ನೊಂದು ಸರ್ಕಾರದಿಂದ ತನಗೆ ಬೇಕಾದ ರಾಜಕೀಯ ನಿರ್ಧಾರವನ್ನು ಪಡೆಯುವುದಕ್ಕಾಗಿ ಆ ದೇಶದ ಜನರ ಕೊಡುಕೊಳ್ಳುವಿಕೆಯನ್ನು ಸುಲಭ ಮಾಡುವುದು, ಇಲ್ಲವೇ ಕಷ್ಟ ಮಾಡುವುದು.

ನಾವು ಪೆಟ್ಟು ತಿಂದಾಗ ಈ ಸಾಧನ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅದೇ ಸಾಧನ ನಮ್ಮ ಕೈಯಲ್ಲಿರುವಾಗ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಮೊಂಡಾಗುತ್ತದೆ ಎಂಬುದನ್ನು ಅಷ್ಟು ಶ್ರದ್ಧೆಯಿಂದ ನೋಡುವ ರೂಢಿ ನಮ್ಮಲ್ಲಿಲ್ಲ. ಹಾಗೆ ನೋಡಲು ಬಯಸುವವರು ನೇಪಾಳದೊಂದಿಗಿನ ನಮ್ಮ ಸಂಬಂಧವನ್ನು ಓದಬೇಕು. 1950ರಿಂದ ಈಚೆಗೆ ಈ ಎರಡು ದೇಶಗಳ ನಡುವೆ ವ್ಯಾಪಾರವು ಕೊಡುಗೆಯಾಗಿ, ಬೆದರಿಕೆಯಾಗಿ, ಶಿಕ್ಷೆಯಾಗಿ, ರಾಜಿಯ ದಾರಿಯಾಗಿ ಬಳಕೆಯಾಗಿದೆ. ಈ ಇತಿಹಾಸದಿಂದ ನನಗೆ ಹೊಳೆಯುವುದು ಇಷ್ಟು: ವ್ಯಾಪಾರವನ್ನು ತಡೆದು ಗಳಿಸಿದ ಪ್ರಭಾವ ಭಾರತಕ್ಕೆ ಪ್ರತಿ ಸಲವೂ ದುಬಾರಿಯಾಗಿದೆ, ವ್ಯಾಪಾರವನ್ನು ಬೆಳೆಸಿ ಗಳಿಸಿದ ಪ್ರಭಾವ ನಿಧಾನವಾಗಿ ಬಂದರೂ ಉಳಿದಿದೆ.

ವ್ಯಾಪಾರದಿಂದ ರಾಜಕೀಯ ಬಲ ಹುಟ್ಟುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಇಬ್ಬರು ಪರಸ್ಪರ ವ್ಯಾಪಾರ ಮಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಒಬ್ಬರಿಗೆ ಇನ್ನೊಬ್ಬರ ಮೇಲೆ ಹಿಡಿತ ಬರುವುದಿಲ್ಲ. ವ್ಯಾಪಾರ ನಿಂತರೆ ಒಬ್ಬರಿಗೆ ಆಗುವ ನಷ್ಟ ಇನ್ನೊಬ್ಬರಿಗೆ ಆಗುವುದಕ್ಕಿಂತ ಬಹಳ ಹೆಚ್ಚಾಗಿರಬೇಕು, ಮತ್ತು ನಷ್ಟಕ್ಕೆ ಒಳಗಾಗುವವರಿಗೆ ಬೇರೆ ದಾರಿ ಇರಬಾರದು. ನೇಪಾಳದ ಮಟ್ಟಿಗೆ ಈ ಎರಡು ಷರತ್ತುಗಳೂ ಪೂರ್ಣವಾಗಿ ಅನ್ವಯಿಸುತ್ತವೆ. ಅದರ ವಿದೇಶಿ ವ್ಯಾಪಾರದ ಸುಮಾರು ಮೂರನೇ ಎರಡು ಪಾಲು ಭಾರತದೊಂದಿಗೆ ನಡೆಯುತ್ತದೆ. ಭಾರತದ ಒಟ್ಟು ವ್ಯಾಪಾರದಲ್ಲಿ ನೇಪಾಳದ ಪಾಲು ಶೇ 1ರ ಆಸುಪಾಸಿನಲ್ಲಿದೆ. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ ಬರುವುದು ಇಂಡಿಯನ್ ಆಯಿಲ್ ಕಂಪನಿಯಿಂದ. ನೇಪಾಳದ ರೂಪಾಯಿಯ ಬೆಲೆಯನ್ನೂ 1993ರಿಂದ ಭಾರತದ ರೂಪಾಯಿಗೆ ಕಟ್ಟಲಾಗಿದ್ದು, ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಎಂಬ ದರ ಇಂದಿಗೂ ಬದಲಾಗಿಲ್ಲ. ಇವೆಲ್ಲಕ್ಕಿಂತ ದೊಡ್ಡ ಸಂಗತಿ ಭೂಗೋಳ. ನೇಪಾಳಕ್ಕೆ ಸಮುದ್ರ ತೀರವಿಲ್ಲ. ಪೂರ್ವ, ಪಶ್ಚಿಮ, ದಕ್ಷಿಣ ಮೂರೂ ದಿಕ್ಕಿನಲ್ಲಿ ಭಾರತ, ಉತ್ತರದಲ್ಲಿ ಹಿಮಾಲಯ. ಜಪಾನಿನಿಂದ ಕಾರು ತರಿಸಿದರೂ ಮಲೇಷ್ಯಾದಿಂದ ತಾಳೆ ಎಣ್ಣೆ ತರಿಸಿದರೂ ಅದು ಕೋಲ್ಕತ್ತ ಅಥವಾ ಹಲ್ದಿಯಾ ಬಂದರಿನಲ್ಲಿ ಇಳಿದು, ಸುಮಾರು 700 ಕಿಲೋಮೀಟರ್ ಭಾರತದ ನೆಲದ ಮೇಲೆ ಸಾಗಿ, ಬಿಹಾರದ ಗಡಿ ಪಟ್ಟಣ ರಕ್ಸೌಲ್ ದಾಟಿ ನೇಪಾಳದ ಬೀರ್‌ಗಂಜ್ ತಲುಪಬೇಕು. ವಿಶಾಖಪಟ್ಟಣದ ಬಾಗಿಲು ತೆರೆದದ್ದು ಈಚೆಗೆ.

ಆದ್ದರಿಂದ ನೇಪಾಳಕ್ಕೆ ಭಾರತದೊಂದಿಗೆ ಎರಡು ಬೇರೆ ಬೇರೆ ವ್ಯವಹಾರಗಳಿವೆ. ಒಂದು, ಭಾರತದೊಂದಿಗಿನ ನೇರ ವ್ಯಾಪಾರ. ಇನ್ನೊಂದು, ಬೇರೆ ದೇಶಗಳೊಂದಿಗೆ ವ್ಯಾಪಾರ ಮಾಡಲು ಭಾರತದ ಮೂಲಕ ಸರಕು ಸಾಗಿಸುವ ಟ್ರಾನ್ಸಿಟ್ ಸೌಲಭ್ಯ. ವ್ಯಾಪಾರ ಎನ್ನುವುದು ಎರಡೂ ಕಡೆಯ ಇಷ್ಟಕ್ಕೆ ಬಿಟ್ಟ ವಿಷಯ. ಯಾರಿಗೆ ಎಷ್ಟು ಸುಂಕ ವಿನಾಯಿತಿ ಕೊಡಬೇಕೆಂದು ಭಾರತ ತನ್ನ ಹಿತ ನೋಡಿ ತೀರ್ಮಾನಿಸಬಹುದು. ಟ್ರಾನ್ಸಿಟ್ ಹಾಗಲ್ಲ, ಅದು ಹಕ್ಕು ಎಂಬುದು ನೇಪಾಳದ ವಾದ. ಈ ವಾದಕ್ಕೆ ಕಾನೂನಿನ ಬೆಂಬಲವೂ ಇದೆ: ಸುಂಕ ಮತ್ತು ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಗ್ಯಾಟ್ ಒಪ್ಪಂದದ 5ನೇ ವಿಧಿ ಸರಕು ಸಾಗಣೆಯ ಸ್ವಾತಂತ್ರ್ಯವನ್ನು ಒಪ್ಪುತ್ತದೆ, 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯು ತೀರವಿಲ್ಲದ ದೇಶಗಳಿಗೆ ಸಮುದ್ರ ತಲುಪುವ ಹಕ್ಕನ್ನು ಕೊಡುತ್ತದೆ. ಆದರೆ ಆ ಹಕ್ಕನ್ನು ಯಾವ ದಾರಿಯಲ್ಲಿ, ಯಾವ ನಿಯಮಗಳ ಅಡಿಯಲ್ಲಿ ಚಲಾಯಿಸಬೇಕು ಎಂಬುದನ್ನು ಆಯಾ ನೆರೆಹೊರೆಯ ದೇಶಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ನಿರ್ಧರಿಸಬೇಕು ಎಂದೂ ಅದೇ ಕಾನೂನು ಹೇಳುತ್ತದೆ. ದಾರಿ ಕೊಡುವವರ ಬಲವೆಲ್ಲ ಇರುವುದು ಈ ಎರಡನೆಯ ಮಾತಿನಲ್ಲಿ.

ಹೀಗಾಗಿ ವ್ಯಾಪಾರಕ್ಕೂ ಟ್ರಾನ್ಸಿಟ್‌ಗೂ ಒಂದೇ ಒಪ್ಪಂದವೋ, ಎರಡು ಬೇರೆ ಒಪ್ಪಂದಗಳೋ ಎಂಬ ಪ್ರಶ್ನೆ ದಶಕಗಳ ಕಾಲ ಎರಡೂ ರಾಜಧಾನಿಗಳನ್ನು ಕಾಡಿತು. ಹೊರಗಿನವರಿಗೆ ಇದು ಬರೀ ಕಾಗದಪತ್ರದ ವಿಷಯ ಅನ್ನಿಸಬಹುದು. ಒಂದೇ ಒಪ್ಪಂದವಿದ್ದರೆ ಸುಂಕದ ಜಗಳ ಬಂದಾಗ ಸಮುದ್ರದ ದಾರಿಯೂ ಅದರೊಂದಿಗೆ ತಕ್ಕಡಿಗೆ ಬೀಳುತ್ತದೆ. ಎರಡಿದ್ದರೆ ದಾರಿ ಜಗಳದಿಂದ ಹೊರಗುಳಿಯುತ್ತದೆ. 1950ರ ವ್ಯಾಪಾರ ಒಪ್ಪಂದದ ಬಳಿಕ 1960 ಮತ್ತು 1971ರಲ್ಲಿ ಬಂದ ಒಪ್ಪಂದಗಳಲ್ಲಿ ಎರಡೂ ವಿಷಯಗಳು ಒಟ್ಟಿಗೇ ಇದ್ದವು. 1978ರಲ್ಲಿ ಮೊರಾರ್ಜಿ ದೇಸಾಯಿ ಅವರ ಜನತಾ ಸರ್ಕಾರ ನೇಪಾಳದ ಬೇಡಿಕೆಯನ್ನು ಒಪ್ಪಿ ಅವನ್ನು ಬೇರ್ಪಡಿಸಿತು. ನೆರೆಯ ಸಣ್ಣ ದೇಶಕ್ಕೆ ಭಾರತ ಕೊಟ್ಟ ದೊಡ್ಡ ರಿಯಾಯಿತಿಗಳಲ್ಲಿ ಇದೂ ಒಂದು ಎಂದು ನಾನು ಎಣಿಸುತ್ತೇನೆ, ಏಕೆಂದರೆ ಅದು ಹಣದ ರಿಯಾಯಿತಿಯಾಗಿರದೆ, ತನ್ನ ಕೈಯಲ್ಲಿದ್ದ ಒಂದು ಹಿಡಿತವನ್ನು ತಾನಾಗಿಯೇ ಸಡಿಲಿಸಿದ್ದಾಗಿತ್ತು.

ಆ ಹಿಡಿತ ಮತ್ತೆ ಬಿಗಿಯಾದದ್ದು 1989ರ ಮಾರ್ಚ್ 23ರಂದು. ಅಂದು ಎರಡೂ ಒಪ್ಪಂದಗಳ ಅವಧಿ ಮುಗಿಯಿತು; ರಾಜೀವ್ ಗಾಂಧಿ ಅವರ ಸರ್ಕಾರ ಅವನ್ನು ನವೀಕರಿಸದೆ, ಎರಡು ಗಡಿ ದಾರಿಗಳನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿತು. ವ್ಯಾಪಾರ ಮತ್ತು ಟ್ರಾನ್ಸಿಟ್ ಎರಡಕ್ಕೂ ಮತ್ತೆ ಒಂದೇ ಒಪ್ಪಂದ ಬೇಕು ಎಂಬುದು ಭಾರತದ ಅಧಿಕೃತ ನಿಲುವಾಗಿತ್ತು. ಆದರೆ ಅಸಮಾಧಾನದ ಬೇರು ಬೇರೆಡೆ ಇತ್ತು. 1988ರಲ್ಲಿ ನೇಪಾಳವು ಚೀನಾದಿಂದ ವಿಮಾನ ನಿರೋಧಕ ತೋಪುಗಳೂ ಸೇರಿದಂತೆ ಶಸ್ತ್ರಾಸ್ತ್ರಗಳನ್ನು ಕೊಂಡಿತ್ತು. ಇದು 1950ರ ಶಾಂತಿ ಮತ್ತು ಸ್ನೇಹ ಒಪ್ಪಂದಕ್ಕೂ, ಶಸ್ತ್ರ ಪೂರೈಕೆಯ ಬಗ್ಗೆ 1965ರಲ್ಲಿ ಆದ ತಿಳಿವಳಿಕೆಗೂ ವಿರುದ್ಧ ಎಂದು ದೆಹಲಿ ಭಾವಿಸಿತು. ನೇಪಾಳದಲ್ಲಿ ದುಡಿಯುವ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿದ್ದೂ ಅದರೊಂದಿಗೆ ಸೇರಿತು. ಇಂಧನ ಪೂರೈಕೆ ನಿಂತಾಗ ಕಠ್ಮಂಡುವಿನಲ್ಲಿ ಸೀಮೆಎಣ್ಣೆಗೆ ಉದ್ದುದ್ದ ಸಾಲುಗಳು ಬೆಳೆದವು, ಒಲೆ ಉರಿಸಲು ಜನ ಮತ್ತೆ ಕಟ್ಟಿಗೆಯ ಮೊರೆಹೋದಾಗ ಕಾಡಿನ ಮೇಲೆ ಒತ್ತಡ ಬಿತ್ತು. ಗಡಿಯ ಈಚೆ ರಕ್ಸೌಲ್ ಮತ್ತು ಜೋಗಬನಿಯ ಸಣ್ಣ ವರ್ತಕರು ತಮ್ಮ ಗಿರಾಕಿಗಳನ್ನು ಕಳೆದುಕೊಂಡರು. ಇಂಥ ಕ್ರಮಗಳ ಲೆಕ್ಕ ಹಾಕುವಾಗ ರಾಜಧಾನಿಗಳಲ್ಲಿ ಕೂತವರು ಗಡಿ ಪೇಟೆಗಳ ಈ ನಷ್ಟವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಇದರಿಂದ ಭಾರತಕ್ಕೆ ದಕ್ಕಿದ್ದೇನು? ಮೇಲ್ನೋಟಕ್ಕೆ ಸಾಕಷ್ಟು. ಆರ್ಥಿಕ ಸಂಕಟವು ರಾಜಕೀಯ ಪಕ್ಷಗಳಿಗೆ ಅವಕಾಶವಿಲ್ಲದ, ‘ಪಂಚಾಯತ್’ ಎಂದು ಕರೆಯಲಾಗುತ್ತಿದ್ದ ರಾಜ ಬೀರೇಂದ್ರರ ಆಡಳಿತ ವ್ಯವಸ್ಥೆಯ ವಿರುದ್ಧ ಇದ್ದ ಜನರ ಸಿಟ್ಟಿಗೆ ಇಂಬುಕೊಟ್ಟಿತು. 1990ರ ಏಪ್ರಿಲ್‌ನಲ್ಲಿ ಅಲ್ಲಿ ಬಹುಪಕ್ಷ ಪ್ರಜಾಪ್ರಭುತ್ವ ಮರಳಿತು. ಜೂನ್‌ನಲ್ಲಿ ಹೊಸ ಪ್ರಧಾನಿ ಕೃಷ್ಣಪ್ರಸಾದ್ ಭಟ್ಟರಾಯ್ ದೆಹಲಿಗೆ ಬಂದು ವಿ. ಪಿ. ಸಿಂಗ್ ಅವರೊಂದಿಗೆ ಸಂಬಂಧವನ್ನು ಹಳೆಯ ಸ್ಥಿತಿಗೆ ತಂದರು. ಆದರೆ ಜಗಳಕ್ಕೆ ಕಾರಣವಾದ ಶಸ್ತ್ರಾಸ್ತ್ರಗಳು ವಾಪಸು ಹೋಗಲಿಲ್ಲ. ಒಂದೇ ಒಪ್ಪಂದ ಬೇಕೆಂದು ಹಟ ಹಿಡಿದಿದ್ದ ಭಾರತ 1991ರ ಡಿಸೆಂಬರ್‌ನಲ್ಲಿ ಮತ್ತೆ ಎರಡು ಪ್ರತ್ಯೇಕ ಒಪ್ಪಂದಗಳಿಗೇ ಸಹಿ ಹಾಕಿತು. ಸೋತ ರಾಜನ ಜಾಗಕ್ಕೆ ಬಂದವರು ಭಾರತದ ಸ್ನೇಹಿತರಾಗಿದ್ದರು ನಿಜ. ಆದರೆ ಅವರನ್ನು ಆರಿಸಿ ಕಳುಹಿಸುವ ಮತದಾರರು ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದವರು. ಪ್ರಜಾಪ್ರಭುತ್ವ ಬಂದ ಮೇಲೆ ಅವರ ನೆನಪಿಗೆ ಮೊದಲಿಗಿಂತ ಹೆಚ್ಚಿನ ಬೆಲೆ ಬಂತು.

ಮುಂದಿನ ದಶಕದಲ್ಲಿ ಭಾರತ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಸಣ್ಣ ನೆರೆಯವರಿಂದ ಸಮನಾದ ಪ್ರತಿಫಲ ಕೇಳಬಾರದು ಎಂಬ ನೀತಿ ಪ್ರಬಲವಾಗಿದ್ದ 1996ರಲ್ಲಿ ವ್ಯಾಪಾರ ಒಪ್ಪಂದವನ್ನು ಪರಿಷ್ಕರಿಸಿ, ನೇಪಾಳದಲ್ಲಿ ತಯಾರಾದ ಬಹುತೇಕ ಎಲ್ಲ ವಸ್ತುಗಳಿಗೂ ಸುಂಕರಹಿತ ಪ್ರವೇಶ ಕೊಡಲಾಯಿತು. ಕಚ್ಚಾ ಸಾಮಗ್ರಿ ಎಲ್ಲಿಂದ ಬಂದಿದೆ ಎಂದು ಕೇಳುವುದನ್ನೂ ಬಿಡಲಾಯಿತು. ನೇಪಾಳದ ರಫ್ತು ಜೋರಾಗಿ ಏರಿತು, ಅದರೊಂದಿಗೆ ಒಂದು ಹೊಸ ತಕರಾರೂ ಹುಟ್ಟಿತು. ನೇಪಾಳದ ಕಾರ್ಖಾನೆಗಳು ಆಗ್ನೇಯ ಏಷ್ಯಾದಿಂದ ಕಡಿಮೆ ಸುಂಕದಲ್ಲಿ ತಾಳೆ ಎಣ್ಣೆ ತರಿಸಿ, ವನಸ್ಪತಿ ಮಾಡಿ, ಭಾರತಕ್ಕೆ ಸುಂಕವಿಲ್ಲದೆ ಕಳುಹಿಸತೊಡಗಿದವು. ನಮ್ಮ ವನಸ್ಪತಿ ತಯಾರಕರು ಅದೇ ಎಣ್ಣೆಗೆ ಹೆಚ್ಚಿನ ಸುಂಕ ಕಟ್ಟುತ್ತಿದ್ದರಿಂದ ಪೈಪೋಟಿ ಕೊಡಲಾಗದೆ ದೆಹಲಿಯ ಬಾಗಿಲು ತಟ್ಟಿದರು.

ಸರಕಿನ ಮೂಲದ ನಿಯಮ ಎಂಬುದು ಅಗತ್ಯವಾಗುವುದು ಇಲ್ಲಿಯೇ. ಎರಡು ದೇಶಗಳು ಪರಸ್ಪರ ಸುಂಕ ಬಿಟ್ಟುಕೊಟ್ಟಾಗ ಮೂರನೆಯ ದೇಶದ ಸರಕು ಹೆಸರು ಬದಲಿಸಿಕೊಂಡು ಒಳಗೆ ಬಾರದಂತೆ, ಎಷ್ಟು ಪಾಲಿನ ಮೌಲ್ಯ ಒಪ್ಪಂದದ ದೇಶದಲ್ಲೇ ಸೇರಿರಬೇಕು ಎಂದು ಈ ನಿಯಮ ಗೊತ್ತುಮಾಡುತ್ತದೆ. 2002ರ ಪರಿಷ್ಕರಣೆಯಲ್ಲಿ ಭಾರತ ಇದನ್ನು ಶೇ 25ಕ್ಕೆ, ಮರುವರ್ಷದಿಂದ ಶೇ 30ಕ್ಕೆ ನಿಗದಿಪಡಿಸಿತು. ಜೊತೆಗೆ ವನಸ್ಪತಿಗೆ ವರ್ಷಕ್ಕೆ 1 ಲಕ್ಷ ಟನ್, ಅಕ್ರಿಲಿಕ್ ನೂಲಿಗೆ 10 ಸಾವಿರ ಟನ್ ಮಿತಿ ಹಾಕಿತು. ಕಠ್ಮಂಡುವಿನಲ್ಲಿ ಗೊಣಗಾಟವಾಯಿತು, ಗಡಿ ಮುಚ್ಚಲಿಲ್ಲ, ಯಾರ ಅಡುಗೆಮನೆಯ ಒಲೆಯೂ ಆರಲಿಲ್ಲ. 1989ಕ್ಕೆ ಹೋಲಿಸಿದರೆ ಇದು ಪ್ರಚಾರವಿಲ್ಲದ ಪ್ರಸಂಗ. ಆದರೆ ತನ್ನ ಹಿತವನ್ನು ಕಾಯ್ದುಕೊಳ್ಳಲು ಬಲಿಷ್ಠ ದೇಶವೊಂದು ಎಷ್ಟು ಕಡಿಮೆ ಬಲ ಬಳಸಿದರೂ ಸಾಕು ಎಂಬುದನ್ನು ತಿಳಿಯಲು ನಾನು ಇದನ್ನೇ ಮುಂದಿಡುತ್ತೇನೆ.

2015ರಲ್ಲಿ ಈ ಸಂಯಮ ಉಳಿಯಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಸುಮಾರು 9 ಸಾವಿರ ಜನರನ್ನು ಬಲಿ ತೆಗೆದುಕೊಂಡ ಭೂಕಂಪವಾಗಿತ್ತು. ಭಾರತದ ರಕ್ಷಣಾ ತಂಡಗಳು ಅತ್ಯಂತ ಬೇಗ ತಲುಪಿದವುಗಳಲ್ಲಿ ಸೇರಿದ್ದವು, ಆ ಕಾರಣಕ್ಕೆ ಅಲ್ಲಿ ಭಾರತದ ಬಗ್ಗೆ ಒಳ್ಳೆಯ ಮಾತು ಕೇಳಿಬರುತ್ತಿತ್ತು. ಸೆಪ್ಟೆಂಬರ್ 20ರಂದು ನೇಪಾಳ ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ಭಾರತದ ಗಡಿಗೆ ಹೊಂದಿದ ದಕ್ಷಿಣದ ತರಾಯಿ ಬಯಲಿನ ನಿವಾಸಿಗಳಾದ ಮಧೇಶಿಗಳು ಪ್ರಾಂತ್ಯಗಳ ಗಡಿ, ಪೌರತ್ವ ಮತ್ತು ಪ್ರಾತಿನಿಧ್ಯದ ವಿಷಯದಲ್ಲಿ ತಮಗೆ ಅನ್ಯಾಯವಾಗಿದೆ ಎಂದು ಆಗಲೇ ಬೀದಿಗಿಳಿದಿದ್ದರು; ಅವರ ಬೇಡಿಕೆಗಳಲ್ಲಿ ಸತ್ವವಿತ್ತು. ಸಂವಿಧಾನ ಜಾರಿಯಾಗುವ ಎರಡು ದಿನ ಮೊದಲು ಭಾರತದ ಅಂದಿನ ವಿದೇಶಾಂಗ ಕಾರ್ಯದರ್ಶಿ ಎಸ್. ಜೈಶಂಕರ್ ಕಠ್ಮಂಡುವಿಗೆ ಹೋಗಿ ಎಲ್ಲರನ್ನೂ ಒಳಗೊಳ್ಳುವಂತೆ ಒತ್ತಾಯಿಸಿದರು, ಅದು ಫಲಿಸಲಿಲ್ಲ. ಕೆಲವೇ ದಿನಗಳಲ್ಲಿ ಗಡಿಯಲ್ಲಿ ಲಾರಿಗಳು ನಿಂತವು.

ಪ್ರತಿಭಟನಕಾರರು ರಕ್ಸೌಲ್–ಬೀರ್‌ಗಂಜ್ ನಡುವಿನ ಸೇತುವೆಯ ಮೇಲೆ ಕುಳಿತಿದ್ದಾರೆ, ಚಾಲಕರು ಹೆದರಿ ಮುಂದೆ ಹೋಗುತ್ತಿಲ್ಲ, ತಾನು ಯಾವ ದಿಗ್ಬಂಧನವನ್ನೂ ಹೇರಿಲ್ಲ ಎಂದು ಭಾರತ ಹೇಳಿತು. ಗಲಭೆಯಿಲ್ಲದ ಗಡಿ ದಾರಿಗಳಲ್ಲೂ ಸರಕು, ಅದರಲ್ಲೂ ಇಂಧನ, ಬರುತ್ತಿಲ್ಲವೇಕೆ ಎಂದು ನೇಪಾಳ ಕೇಳಿತು. ವಿದೇಶಾಂಗ ನೀತಿಯ ಸಾಧನವಾಗಿ ವ್ಯಾಪಾರವನ್ನು ಬಳಸುವವರಿಗೆ ಇಂಥ ಅಸ್ಪಷ್ಟತೆ ಅನುಕೂಲಕರ ಎಂಬ ಅಭಿಪ್ರಾಯವಿದೆ: ಘೋಷಣೆಯಿಲ್ಲದ ಕ್ರಮವನ್ನು ಕಾನೂನಿನ ಮುಂದೆ ಪ್ರಶ್ನಿಸುವುದು ಕಷ್ಟ, ಹಿಂದೆಗೆಯುವಾಗ ಮುಖಭಂಗವೂ ಆಗುವುದಿಲ್ಲ. ಆದರೆ ಅದಕ್ಕೊಂದು ದೊಡ್ಡ ತೊಡಕಿದೆ. ಏನು ಮಾಡಿದರೆ ಲಾರಿಗಳು ಹೊರಡುತ್ತವೆ ಎಂದು ಘೋಷಿಸದೆ ಇದ್ದಾಗ ಎದುರಿನ ಸರ್ಕಾರಕ್ಕೆ ರಾಜಿಯ ದಾರಿ ಕಾಣುವುದಿಲ್ಲ, ಜನರ ಕಣ್ಣಿಗೆ ಬರೀ ದರ್ಪ ಕಾಣುತ್ತದೆ.

ಸುಮಾರು ನಾಲ್ಕೂವರೆ ತಿಂಗಳು ಇದು ನಡೆಯಿತು. ಪೆಟ್ರೋಲಿಗೆ ಪಡಿತರ ಬಂತು, ಅಡುಗೆ ಅನಿಲದ ಸಿಲಿಂಡರ್‌ಗಳನ್ನು ಅರ್ಧ ತುಂಬಿ ಹಂಚಲಾಯಿತು, ಔಷಧಿ ಅಂಗಡಿಗಳು ಬರಿದಾದವು, ಭೂಕಂಪದಲ್ಲಿ ಮನೆ ಕಳೆದುಕೊಂಡವರು ತಗಡಿನ ಮಾಡಿನ ಕೆಳಗೆ ಚಳಿಗಾಲ ಕಳೆದರು. 2016ರ ಜನವರಿಯಲ್ಲಿ ನೇಪಾಳವು ಪ್ರಾತಿನಿಧ್ಯ ಮತ್ತು ಕ್ಷೇತ್ರ ವಿಂಗಡಣೆಗೆ ಸಂಬಂಧಿಸಿದಂತೆ ಸಂವಿಧಾನ ತಿದ್ದುಪಡಿ ಮಾಡಿತು. ಮಧೇಶಿ ಪಕ್ಷಗಳು ಅದು ಸಾಲದು ಎಂದವು; ಫೆಬ್ರುವರಿಯಲ್ಲಿ ಗಡಿ ತಾನಾಗಿ ತೆರೆದುಕೊಂಡಿತು. ಈ ಪ್ರಕರಣದಿಂದ ಎಲ್ಲರಿಗಿಂತ ಹೆಚ್ಚು ಲಾಭ ಪಡೆದವರು ಆಗಷ್ಟೇ ಪ್ರಧಾನಿಯಾಗಿದ್ದ ಕೆ. ಪಿ. ಶರ್ಮಾ ಓಲಿ. ಭಾರತದ ಎದುರು ಬಗ್ಗದ ನಾಯಕ ಎಂಬ ಹೆಸರು ಹೊತ್ತು 2017ರ ಚುನಾವಣೆಗೆ ಹೋದ ಅವರ ಎಡಪಕ್ಷಗಳ ಕೂಟ ಮೂರನೇ ಎರಡರ ಸಮೀಪದ ಬಹುಮತ ಗಳಿಸಿತು. ಭೂಕಂಪದ ವೇಳೆ ಭಾರತ ಗಳಿಸಿದ್ದ ಸದ್ಭಾವನೆ ಐದು ತಿಂಗಳೂ ಬಾಳಲಿಲ್ಲ ಎಂಬುದು ಇಂದಿಗೂ ನೋವಿನ ಸಂಗತಿ.

ದಾರಿ ಮುಚ್ಚಿದಾಗ ಇನ್ನೊಂದು ದಾರಿ ಹುಡುಕುವುದು ಸಹಜ. 2015ರ ಅಕ್ಟೋಬರ್‌ನಲ್ಲಿ ನೇಪಾಳವು ಪೆಟ್ರೋಚೀನಾ ಕಂಪನಿಯೊಂದಿಗೆ ಇಂಧನ ಖರೀದಿಯ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು, ಚೀನಾ ಒಂದು ಸಾವಿರ ಟನ್ ಇಂಧನವನ್ನು ದಾನವಾಗಿ ಕೊಟ್ಟಿತು. 2016ರ ಮಾರ್ಚ್‌ನಲ್ಲಿ ಓಲಿ ಬೀಜಿಂಗ್‌ನಲ್ಲಿ ಟ್ರಾನ್ಸಿಟ್ ಒಪ್ಪಂದ ಮಾಡಿಕೊಂಡರು. 2019ರಲ್ಲಿ ಅದರ ವಿವರಗಳು ಅಂತಿಮಗೊಂಡು, ತಿಯಾಂಜಿನ್ ಸೇರಿ ನಾಲ್ಕು ಸಮುದ್ರ ಬಂದರುಗಳನ್ನೂ ಮೂರು ಒಳನಾಡು ಬಂದರುಗಳನ್ನೂ ಬಳಸುವ ಅವಕಾಶ ನೇಪಾಳಕ್ಕೆ ಸಿಕ್ಕಿತು. ಪ್ರಾಮಾಣಿಕವಾಗಿ ಹೇಳುವುದಾದರೆ, ಈ ದಾರಿಯಿಂದ ನೇಪಾಳದ ಹೊಟ್ಟೆ ತುಂಬುವುದಿಲ್ಲ: ತಿಯಾಂಜಿನ್ 3 ಸಾವಿರ ಕಿಲೋಮೀಟರಿಗಿಂತ ದೂರ, ನಡುವೆ ಟಿಬೆಟ್, ಮಳೆಗಾಲದಲ್ಲಿ ಕುಸಿಯುವ ಗುಡ್ಡದ ರಸ್ತೆಗಳು, ಚೀನಾದತ್ತ ಹೋಗುವ ತಾತೋಪಾನಿಯ ಗಡಿ ದಾರಿಯಂತೂ ಭೂಕಂಪದ ನಂತರ ನಾಲ್ಕು ವರ್ಷ ಮುಚ್ಚಿತ್ತು. ನೇಪಾಳದ ಇಂಧನ ಈಗಲೂ ಭಾರತದಿಂದಲೇ ಬರುತ್ತದೆ. ಆದರೆ ರಾಜತಾಂತ್ರಿಕತೆಯಲ್ಲಿ ಬಳಸದ ದಾರಿಗೂ ಬೆಲೆಯಿದೆ; ಭಾರತದ ಪ್ರತಿನಿಧಿಗಳ ಎದುರು ಮಾತುಕತೆಗೆ ಕೂರುವಾಗ ನೇಪಾಳದ ಅಧಿಕಾರಿಗಳ ಬಳಿ ಮೊದಲು ಇಲ್ಲದಿದ್ದ ಒಂದು ಕಾಗದ ಈಗ ಇದೆ.

ಅವಲಂಬನೆಯೇ ಇಲ್ಲದ ಕಡೆ ಈ ಸಾಧನ ಇನ್ನೂ ದುರ್ಬಲ. ಪುಲ್ವಾಮಾ ದಾಳಿಯ ನಂತರ 2019ರ ಫೆಬ್ರುವರಿಯಲ್ಲಿ ಭಾರತವು 1996ರಲ್ಲಿ ಪಾಕಿಸ್ತಾನಕ್ಕೆ ಕೊಟ್ಟಿದ್ದ, ಇತರ ವ್ಯಾಪಾರ ಪಾಲುದಾರರಿಗೆ ಸಮನಾಗಿ ಸುಂಕ ವಿಧಿಸುವ ‘ಪರಮಾಪ್ತ ರಾಷ್ಟ್ರ’ದ ಸ್ಥಾನವನ್ನು ಹಿಂಪಡೆದು ಅಲ್ಲಿನ ಸರಕುಗಳಿಗೆ ಶೇ 200ರ ಸುಂಕ ವಿಧಿಸಿತು. ಎರಡೂ ಕಡೆ ಸೇರಿ ವರ್ಷಕ್ಕೆ ಸುಮಾರು 250 ಕೋಟಿ ಡಾಲರ್‌ನಷ್ಟೇ ಇದ್ದ ಆ ವ್ಯಾಪಾರದಲ್ಲಿ ಭಾರತದ ರಫ್ತೇ ಹೆಚ್ಚಾಗಿದ್ದುದರಿಂದ, ಅದೊಂದು ಪ್ರತಿಭಟನೆಯ ಸಂಕೇತವಾಯಿತೇ ಹೊರತು ಇಸ್ಲಾಮಾಬಾದಿನ ನಡೆಯನ್ನು ಬದಲಿಸುವ ಒತ್ತಡವಾಗಲಿಲ್ಲ. ಇನ್ನು, ಕೋವಿಡ್ ಮೂಲದ ತನಿಖೆ ಕೇಳಿದ ಆಸ್ಟ್ರೇಲಿಯಾದ ಬಾರ್ಲಿಗೆ 2020ರಲ್ಲಿ ಶೇ 80.5ರ ಸುಂಕ ಹಾಕಿದ ಚೀನಾ, ತನಗೆ ಅನಿವಾರ್ಯವಾಗಿದ್ದ ಅಲ್ಲಿನ ಕಬ್ಬಿಣದ ಅದಿರನ್ನು ಮುಟ್ಟಲಿಲ್ಲ. ಬಾರ್ಲಿ ಬೆಳೆಗಾರರು ಬೇರೆ ಗಿರಾಕಿಗಳನ್ನು ಹುಡುಕಿಕೊಂಡರು. 2023ರಲ್ಲಿ ಚೀನಾ ಆ ಸುಂಕ ತೆಗೆಯಿತು.

ಕೊಳ್ಳುವ ಮೂಲಕ ಸ್ನೇಹ ಬೆಳೆಸುವ ದಾರಿಗೂ ಅಪಾಯಗಳಿವೆ, ಅದನ್ನು ಕರ್ನಾಟಕದ ಕಾಫಿ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಭಾರತ–ಸೋವಿಯತ್ ಒಕ್ಕೂಟದ ವ್ಯಾಪಾರ ಡಾಲರ್ ಬೇಡದೆ ರೂಪಾಯಿ ಲೆಕ್ಕದಲ್ಲೇ ನಡೆಯುತ್ತಿತ್ತು. ಅದು ರಾಜಕೀಯ ಮೈತ್ರಿಯಿಂದ ಹುಟ್ಟಿದ ವ್ಯವಸ್ಥೆ. 1980ರ ದಶಕದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿಗೆ ಸೋವಿಯತ್ ಒಕ್ಕೂಟ ಬಹುದೊಡ್ಡ ಗಿರಾಕಿಯಾಗಿತ್ತು. 1991ರಲ್ಲಿ ಆ ದೇಶವೇ ಒಡೆದಾಗ ಗುಣಮಟ್ಟ, ಬೆಲೆ, ಹೊಸ ಮಾರುಕಟ್ಟೆ ಎಲ್ಲವನ್ನೂ ಬೆಳೆಗಾರರು ಹೊಸದಾಗಿ ಯೋಚಿಸಬೇಕಾಯಿತು.

ನೇಪಾಳಕ್ಕೆ ಮರಳಿದರೆ, 2015ರ ನಂತರ ಭಾರತ ಮತ್ತೆ ಕಟ್ಟುವ ಕೆಲಸಕ್ಕೆ ತೊಡಗಿದೆ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ವರೆಗಿನ 69 ಕಿಲೋಮೀಟರ್ ಪೆಟ್ರೋಲಿಯಂ ಕೊಳವೆ ಮಾರ್ಗ 2019ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು; ಲಾರಿಗಳ ಸಾಲನ್ನು ಸೇತುವೆಯ ಮೇಲೆ ತಡೆಯುವಷ್ಟು ಸುಲಭವಾಗಿ ಇದನ್ನು ತಡೆಯಲಾಗದು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದ ಭಾರತ, ಅಕ್ಟೋಬರ್‌ನಲ್ಲಿ ನೇಪಾಳಕ್ಕೆ 95 ಸಾವಿರ ಟನ್ ಕಳುಹಿಸಲು ವಿಶೇಷ ಅನುಮತಿ ಕೊಟ್ಟಿತು. ಎಲ್ಲರಿಗೂ ಮುಚ್ಚಿದ ಬಾಗಿಲನ್ನು ಕೆಲವರಿಗೆ ಮಾತ್ರ ತೆರೆಯುವುದೂ ವಿದೇಶಾಂಗ ನೀತಿಯೇ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಂದಿರುವುದು ವಿದ್ಯುತ್ತಿನಲ್ಲಿ, ಏಕೆಂದರೆ ಇಲ್ಲಿ ನೇಪಾಳ ಮಾರುವ ಸ್ಥಾನದಲ್ಲಿದೆ. ಮಳೆಗಾಲದಲ್ಲಿ ಅದರ ನದಿಗಳು ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ ಕೊಡುತ್ತವೆ, ಚಳಿಗಾಲದಲ್ಲಿ ಕೊರತೆಯಾಗಿ ಅದು ಭಾರತದಿಂದ ಕೊಳ್ಳುತ್ತದೆ. 2021ರ ನವೆಂಬರ್‌ನಲ್ಲಿ ಭಾರತದ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಮಾರಲು ನೇಪಾಳಕ್ಕೆ ಸಿಕ್ಕ ಮೊದಲ ಅನುಮತಿ ಬರೀ 39 ಮೆಗಾವಾಟ್‌ಗೆ, ಅದೂ ಭಾರತದ ನೆರವಿನಿಂದ ಕಟ್ಟಿದ ತ್ರಿಶೂಲಿ ಮತ್ತು ದೇವಿಘಾಟ್ ಸ್ಥಾವರಗಳಿಂದ. 2024ರ ಜನವರಿಯಲ್ಲಿ ಹತ್ತು ವರ್ಷಗಳಲ್ಲಿ 10 ಸಾವಿರ ಮೆಗಾವಾಟ್ ಕೊಳ್ಳುವ ದೀರ್ಘಾವಧಿ ಒಪ್ಪಂದವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ 40 ಮೆಗಾವಾಟ್ ಮಾರುವ ತ್ರಿಪಕ್ಷೀಯ ಒಪ್ಪಂದಕ್ಕೂ ಸಹಿ ಬಿತ್ತು. ಕೋಲ್ಕತ್ತದ ದಾರಿಗಾಗಿ ನಡೆದ ಹಳೆಯ ವಾದದಲ್ಲಿ ಟ್ರಾನ್ಸಿಟ್ ಎಂದರೆ ಏನಾಗಿತ್ತೋ ಅದರ ಹೊಸ ರೂಪ ಇದು.

ಇಲ್ಲಿಯೂ ಭಾರತ ತನ್ನ ಷರತ್ತನ್ನು ಇಟ್ಟಿದೆ. ಚೀನಾದ ಹೂಡಿಕೆಯಿರುವ ಅಥವಾ ಚೀನಾದ ಗುತ್ತಿಗೆದಾರರು ಕಟ್ಟಿದ ಸ್ಥಾವರಗಳ ವಿದ್ಯುತ್ತನ್ನು ಅದು ಕೊಳ್ಳುವುದಿಲ್ಲ. ಹೀಗಾಗಿ 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿಗೂ ಅನುಮತಿ ಸಿಗದೆ ಹೋಯಿತು. ಈ ಷರತ್ತು ನೇಪಾಳದಲ್ಲಿ ಅಣೆಕಟ್ಟು ಕಟ್ಟುವವರು ಯಾರಾಗಬೇಕು ಎಂಬುದನ್ನು ಸದ್ದಿಲ್ಲದೆ ಪ್ರಭಾವಿಸುತ್ತಿದೆ, ಏಕೆಂದರೆ ಭಾರತಕ್ಕೆ ಮಾರಲಾಗದ ವಿದ್ಯುತ್ತಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. 1989ರಲ್ಲಿ ತೋಪುಗಳ ವಿಷಯದಲ್ಲಿ ಗಡಿ ಮುಚ್ಚಿಯೂ ಸಿಗದ ಫಲ ಇಲ್ಲಿ ಒಂದು ಖರೀದಿ ನಿಯಮದಿಂದ ಸಿಗುತ್ತಿದೆ. ಕಟ್ಟಿದವರು ಯಾರು ಎಂಬುದಕ್ಕೂ ಈಗ ಹರಿಯುವ ವಿದ್ಯುತ್ತಿಗೂ ಸಂಬಂಧವಿಲ್ಲ, ಈ ನಿಯಮವನ್ನು ಸಡಿಲಿಸಿ ಎಂಬುದು ನೇಪಾಳದ ಬೇಡಿಕೆ; ಅದರಲ್ಲಿ ನ್ಯಾಯವಿದೆ, ಕನಿಷ್ಠ ಈಗಾಗಲೇ ಕಟ್ಟಿ ಮುಗಿದ ಸ್ಥಾವರಗಳ ಮಟ್ಟಿಗೆ. ಈ ಚರ್ಚೆ ನಡೆಯುತ್ತಿರುವುದು ಎರಡೂ ದೇಶಗಳ ಇಂಧನ ಕಾರ್ಯದರ್ಶಿಗಳು ಕೂರುವ ಜಂಟಿ ಸಮಿತಿಯಲ್ಲಿ. ಬೇಸಿಗೆಯ ಸಂಜೆಗಳಲ್ಲಿ ವಿದ್ಯುತ್ತಿನ ಬೇಡಿಕೆ ಏರುತ್ತಲೇ ಇರುವ ಭಾರತಕ್ಕೆ ಆ ಸಮಿತಿಯಲ್ಲಿ ಕೇಳಬೇಕಾದದ್ದೂ ಇದೆ, ಕೊಡಬೇಕಾದದ್ದೂ ಇದೆ.